ಹಿಟ್ಟಿನ ಹಿಮ, ಬಾಗಿಲ ಮುಂದಿನ ಚಪ್ಪಲಿ

ನನ್ನ ಹೆಂಡತಿ ಬಿಡಿಸಿದ ಕ್ರಿಸ್‌ಮಸ್ ಊರಿನಲ್ಲಿ ಎಲ್ಲರೂ ಇದ್ದಾರೆ, ನಾನೊಬ್ಬ ಮಾತ್ರ ಇಲ್ಲ. ಇದನ್ನು ಮೊದಲು ಕಂಡುಹಿಡಿದವನೂ ನಾನೇ. ನಮ್ಮ ಓಣಿಯ ದರ್ಜಿ ಅದರಲ್ಲಿದ್ದಾನೆ. ಹೂ ಮಾರುವ ಅಜ್ಜಿ ಇದ್ದಾಳೆ. ಎದುರು ಮನೆಯವರ ಎಮ್ಮೆ ಇದೆ, ಅದೂ ಕೊರಳಿಗೆ ಚೆಂಡು ಹೂವಿನ ಮಾಲೆ ಹಾಕಿಕೊಂಡು. ದಿನಾ ಬೆಳಗಾದರೆ ನಮ್ಮ ಗಿರಣಿಯ ಮುಂದೆ ಸಗಣಿ ಹಾಕಿ ಹೋಗುವ ಎಮ್ಮೆ ಅದು. ಅದಕ್ಕೆ ಸಿಕ್ಕ ಜಾಗ ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡನಿಗೆ ಸಿಗಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಮಾತು ಗಂಡಂದಿರನ್ನು ನೋಡಿಯೇ ಹುಟ್ಟಿರಬೇಕು.

ನಮ್ಮದು ಬಸವಕಲ್ಯಾಣದಲ್ಲಿ ಒಂದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಜೋಳ, ಗೋಧಿ, ಸಜ್ಜಿ, ಹಬ್ಬ ಬಂದರೆ ಕಡಲೆಬೇಳೆ, ಹೀಗೆ ನಾನು ಊರಿನ ಹೊಟ್ಟೆಗೆ ಬೇಕಾದ್ದನ್ನು ಬೀಸುತ್ತೇನೆ. ಹೆಂಡತಿ ಚಿತ್ರ ಬಿಡಿಸುತ್ತಾಳೆ. ಮೊದಲು ಶಾಲೆಗಳಿಗೆ ಚಾರ್ಟು ಬರೆದುಕೊಡುತ್ತಿದ್ದಳು. ಮದುವೆ ಮನೆಯ ಗೋಡೆಗೆ ಆನೆ, ಕಳಸ, ಬಾಳೆಕಂಬ ಬರೆಯಬೇಕೆಂದರೆ ಈಕೆಯನ್ನೇ ಕರೆಯುತ್ತಿದ್ದರು. ಆಮೇಲೆ ಆಕೆಯ ತಂಗಿಯ ಮಗಳು ಆ ಚಿತ್ರಗಳನ್ನೆಲ್ಲ ಫೋನಿನಲ್ಲಿ ಹಾಕಿದಳು. ಹಾಕಿದ್ದನ್ನು ಪುಣೆಯ ಕಡೆಯ ಒಂದು ಆಟಿಕೆ ಕಂಪನಿಯವರು ನೋಡಿದರು. ಅವರು ಮಾಡುವುದು ಜಿಗ್ಸಾ ಪಜಲ್. ಒಂದು ಚೆಂದದ ಚಿತ್ರವನ್ನು ದಪ್ಪ ರಟ್ಟಿಗೆ ಅಂಟಿಸಿ, ಅದನ್ನು ಸಾವಿರ ತುಂಡು ಮಾಡಿ, ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಕೊಂಡವರು ಮತ್ತೆ ಕೂತು ಜೋಡಿಸಬೇಕು. ಇಡೀ ಇದ್ದದ್ದನ್ನು ಒಡೆದು ಮತ್ತೆ ಜೋಡಿಸುವುದಕ್ಕೆ ಜನ ದುಡ್ಡು ಕೊಡುತ್ತಾರೆಯೇ ಎಂದು ನಾನು ನಕ್ಕೆ. "ನೀವು ಇಡೀ ಕಾಳು ಹಿಟ್ಟು ಮಾಡ್ತೀರಿ, ಅದಕ್ಕ ಕೊಡಂಗಿಲ್ಲೇನು?" ಎಂದಳು.

ಕಂಪನಿಯವರು ಕೇಳಿದ್ದು ಹಳೆಯ ಕಾಲದ ಒಂದು ಕ್ರಿಸ್‌ಮಸ್ ಹಳ್ಳಿ. ಮನೆಗಳ ಮೇಲೆ ಹಿಮ ಬಿದ್ದಿರಬೇಕು, ದೀಪ ಇರಬೇಕು, ನೋಡಿದವರಿಗೆ ತಮ್ಮ ಬಾಲ್ಯ ನೆನಪಾಗಬೇಕು. ಮಾದರಿಗೆಂದು ಒಂದಷ್ಟು ಚಿತ್ರ ಕಳಿಸಿದ್ದರು. ಎಲ್ಲದರಲ್ಲೂ ಇಳಿಜಾರು ಸೂರಿನ ಮನೆ, ಹೊಗೆ ಬಿಡುವ ಚಿಮಣಿ, ಕುದುರೆ ಕಟ್ಟಿದ ಬಂಡಿ. ಆಕೆ ಅವನ್ನು ಒಂದು ಸಲ ನೋಡಿ ಫೋನು ಬೋರಲು ಹಾಕಿಟ್ಟಳು.

"ಇದು ಯಾರ ಬಾಲ್ಯನೋ ಏನೋ. ನನಗ ನಂದು ಗೊತ್ತದ" ಎಂದಳು.

ಆಕೆಯ ತವರು ಹುಮನಾಬಾದ. ಚರ್ಚಿನ ಪಕ್ಕದ ಓಣಿಯಲ್ಲಿ ಮನೆ. ಅವರಪ್ಪನಿಗೆ ಹುಡಗಿ ಎಂಬ ಊರಿನ ಹಾದಿಯಲ್ಲಿ ಸ್ವಲ್ಪ ಹೊಲ, ಜೊತೆಗೆ ಕುರಿ. ಮಗ್ಗುಲ ಮನೆಯವರು ಕ್ರಿಶ್ಚಿಯನ್ನರು. ಆ ಮನೆಯ ಹೆಣ್ಣುಮಗಳನ್ನು ಈಕೆ ಮೌಶಿ ಎಂದೇ ಕರೆಯುತ್ತಿದ್ದಳು, ಅಂದರೆ ಚಿಕ್ಕವ್ವ. ಡಿಸೆಂಬರ್ ಬಂತೆಂದರೆ ಮೌಶಿಯ ಮನೆಯಲ್ಲಿ ಬಿದಿರಿನ ಕಡ್ಡಿ ಕಟ್ಟಿ, ಬಣ್ಣದ ಹಾಳೆ ಹಚ್ಚಿ, ಒಳಗೆ ದೀಪ ಇಟ್ಟು ನಕ್ಷತ್ರ ಮಾಡುತ್ತಿದ್ದರು. ಅಂಟು ಕಲಸುವುದು ಈಕೆಯ ಕೆಲಸ. ಹಬ್ಬದ ಮುಂಚೆ ಢೋಲಕಿ, ತಾಳ ಹಿಡಿದು ಹಾಡುವವರು ಮನೆ ಮನೆಗೆ ಬರುತ್ತಿದ್ದರು. ಅವರಿಗೆ ಚಹಾ ಕೊಡುವುದು ಈಕೆಯ ಅವ್ವನ ಪಾಳಿ. ಚರ್ಚಿನಲ್ಲಿ ಮಕ್ಕಳು ನಾಟಕ ಮಾಡುವಾಗ ಕುರುಬರ ಪಾತ್ರಕ್ಕೆ ಬೇಕಾದ ಕರಿ ಕಂಬಳಿ, ಕೈಯಲ್ಲಿ ಹಿಡಿಯುವ ಮರಿ, ಎರಡೂ ಇವರ ಮನೆಯಿಂದಲೇ ಹೋಗಬೇಕು. ಮರಿ ಒಂದು ವರ್ಷ ನಾಟಕದ ನಡುವೆಯೇ ಅರಚಿಕೊಂಡು ತಾಯಿಯ ಕಡೆ ಓಡಿಬಂದಿತ್ತಂತೆ. ಸರ್ವೆ ಗಿಡದ ಟೊಂಗೆಯನ್ನು ಎಣ್ಣೆ ಡಬ್ಬಿಯಲ್ಲಿ ನಿಲ್ಲಿಸಿ ಕಲ್ಲು ತುಂಬಿದರೆ ಅದೇ ಕ್ರಿಸ್‌ಮಸ್ ಗಿಡ. ಇಷ್ಟೇ ಆಕೆಗೆ ಗೊತ್ತಿದ್ದ ಕ್ರಿಸ್‌ಮಸ್. ಅದನ್ನೇ ಬಿಡಿಸುತ್ತೇನೆ ಎಂದು ಕೂತಳು.

ಆ ಓಣಿಯನ್ನು ನಾನು ಮೊದಲ ಸಲ ನೋಡಿದ್ದೂ ಕ್ರಿಸ್‌ಮಸ್ ದಿನವೇ. ಕನ್ಯಾ ನೋಡಲು ಮಾಮನ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ಮಾಮ ಅಂದರೆ ನಮ್ಮ ಅವ್ವನ ತಮ್ಮ. ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಎಡಗಾಲಿನ ಚಪ್ಪಲಿಯ ಹೆಬ್ಬೆರಳಿನ ಉಂಗುರ ಹರಿದುಹೋಯಿತು. ಹಬ್ಬದ ದಿನ, ಚಮ್ಮಾರನ ಪೆಟ್ಟಿಗೆ ಮುಚ್ಚಿತ್ತು. ಹೊಳ್ಳಿ ಹೋಗೋಣ, ಇದು ಅಪಶಕುನ ಎಂದ ಮಾಮ. ನನಗೆ ಸಿಟ್ಟು ಬಂತು. ಹೊಸ ಅಂಗಿ ಹಾಕಿಕೊಂಡು ಇಷ್ಟು ದೂರ ಬಂದಿದ್ದೇನೆ! ಪಾನ್ ಅಂಗಡಿಯವನ ಹತ್ತಿರ ಕತ್ತರಿ ಇಸಿದುಕೊಂಡು, ಗೋಡೆಯ ಮರೆಗೆ ಹೋಗಿ, ಸೊಂಟದ ಕೆಂಪು ಉಡದಾರದ ಜೋತಾಡುವ ತುದಿಯನ್ನು ಕತ್ತರಿಸಿ, ಅದರಿಂದಲೇ ಚಪ್ಪಲಿ ಕಟ್ಟಿಕೊಂಡೆ. ಗಂಟು ದಪ್ಪಗೆ ಕುಂಕುಮದ ಬೊಟ್ಟಿನಷ್ಟು ಕಾಣುತ್ತಿತ್ತು. ಹೆಣ್ಣಿನ ಮನೆಯ ಬಾಗಿಲಲ್ಲಿ ಆ ಜೋಡನ್ನು ಬಿಟ್ಟು, ಮೇಲೆ ಮಾಮನ ಜೋಡು ಇಟ್ಟು ಮುಚ್ಚಿ ಒಳಗೆ ಹೋದೆ. ಈ ಮಾತು ಮಾಮನನ್ನು ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ಮಾಮ ಸಾಯುವಾಗ ಅದನ್ನು ತನ್ನೊಂದಿಗೇ ಒಯ್ದ.

ಒಳಗೆ ನಡೆದದ್ದು ಮಾತ್ರ ಎರಡೂ ಕಡೆಯ ಬೀಗರಿಗೆ ಇವತ್ತಿಗೂ ನೆನಪಿದೆ. ಮೌಶಿ ಹಬ್ಬದ ತಾಟು ಕಳಿಸಿದ್ದಳು. ಕರ್ಚಿಕಾಯಿ, ಶಂಕರಪಾಳಿ, ಚಕ್ಕುಲಿ. ಮುಜುಗರಕ್ಕೆ ತಲೆ ತಗ್ಗಿಸಿ ಕೂತ ನಾನು ಎದುರಿಗೆ ಕಂಡದ್ದನ್ನು ತಿನ್ನುತ್ತ ಹೋದೆ. ತಲೆ ಎತ್ತುವ ಹೊತ್ತಿಗೆ ಹುಡುಗಿ ಬಂದು ಕೂತು ಎದ್ದು ಒಳಗೆ ಹೋಗಿದ್ದಳು. ಕನ್ಯಾ ನೋಡಲು ಬಂದವನು ಕರ್ಚಿಕಾಯಿ ನೋಡಿ ಹೋದ ಎಂದು ಇಡೀ ಹುಮನಾಬಾದ ನಕ್ಕಿತು. ಆದರೂ ಅತ್ತಕಡೆಯಿಂದ ಹೂಂ ಎಂಬ ಮಾತು ಬಂತು. ಯಾಕೆ ಬಂತು ಎಂದು ನಾನು ಕೇಳಲಿಲ್ಲ. ಬಂದದ್ದೇ ದೊಡ್ಡದು.

ಚಿತ್ರಕ್ಕೆ ತೊಡಕಾದದ್ದು ಹಿಮ. ಆಕೆಯೂ ಹಿಮ ನೋಡಿಲ್ಲ, ನಾನೂ ನೋಡಿಲ್ಲ. ಮನ್ನಾಏಖೇಳ್ಳಿಯ ಆಚೆ ಆಲಿಕಲ್ಲು ಬಿದ್ದದ್ದನ್ನು ಒಮ್ಮೆ ನೋಡಿದ್ದೆ, ಅದು ನಿಮಿಷಕ್ಕೆ ಕರಗಿ ನೀರಾಗಿತ್ತು. ಫೋನಿನಲ್ಲಿ ನೋಡಿ ಬಿಡಿಸು ಎಂದೆ. ಫೋನಿನಲ್ಲಿ ನೋಡಿದ್ದು ಕೈಗೆ ಬರುವುದಿಲ್ಲ ಎಂದಳು. ಆಮೇಲೆ ಒಂದು ದಿನ ಗಿರಣಿಗೆ ಬಂದು, ತಲೆ ಎತ್ತಿ ಜಂತಿಗಳನ್ನು ನೋಡುತ್ತ ನಿಂತುಬಿಟ್ಟಳು. ಜಂತಿಯ ಮೇಲೆ, ಕಿಟಕಿಯ ಸರಳಿನ ಮೇಲೆ, ಮೂಲೆಯ ಜೇಡರ ಬಲೆಯ ಮೇಲೆ ಹಿಟ್ಟು ಕೂತಿತ್ತು. ಜಾಡಿಸಬೇಕೆಂದು ನಾನೇ ಎಷ್ಟೋ ದಿನದಿಂದ ಅಂದುಕೊಂಡಿದ್ದೆ.

"ಜಾಡಸಬ್ಯಾಡ್ರಿ" ಎಂದಳು. "ಇದೇ ಹಿಮ."

ಅಂದಿನಿಂದ ಆಕೆಯ ಬಣ್ಣದ ಬಟ್ಟಲು ಗಿರಣಿಗೆ ಬಂತು. ಹಿಟ್ಟು ಅಂಚಿನಲ್ಲಿ ಹೇಗೆ ದುಂಡಗಾಗುತ್ತದೆ, ಮೂಲೆಯಲ್ಲಿ ಹೇಗೆ ಗುಡ್ಡೆಯಾಗುತ್ತದೆ, ಗಾಳಿ ಬಂದ ಕಡೆ ಹೇಗೆ ತೆಳುವಾಗುತ್ತದೆ ಎಂದು ನೋಡಿ ನೋಡಿ ಬರೆದುಕೊಂಡಳು. ಬಿಸಿಲು ಬಿದ್ದ ಮಾಳಿಗೆಯ ಮೇಲಿನ ಹಿಮಕ್ಕೆ ಜೋಳದ ಹಿಟ್ಟಿನ ಬಣ್ಣ, ಚರ್ಚಿನ ಮೇಲಿನದಕ್ಕೆ ಅಕ್ಕಿ ಹಿಟ್ಟು, ನೆರಳಿನಲ್ಲಿರುವುದಕ್ಕೆ ಸಜ್ಜಿ ಹಿಟ್ಟು. ಹಿಟ್ಟು ತೆಗೆದುಕೊಳ್ಳಲು ಬಂದ ಹೂವಿನ ಅಜ್ಜಿಯನ್ನು ಹಿಡಿದು ಕೂರಿಸಿದಳು. ದರ್ಜಿಯನ್ನು ಟೇಪು ಕೊರಳಿಗೆ ಹಾಕಿಕೊಂಡೇ ನಿಲ್ಲಿಸಿದಳು. ಹೀಗೆ ಓಣಿ ಹುಮನಾಬಾದದ್ದು, ಮಂದಿ ಬಸವಕಲ್ಯಾಣದವರು, ಹಿಮ ನನ್ನ ಗಿರಣಿಯದು. ನನ್ನ ಸರದಿ ಬರುತ್ತದೆಂದು ನಾನು ದಿನಾ ಬೆಳಿಗ್ಗೆ ಮೀಸೆಗೆ ಬಾಚಣಿಗೆ ಹಾಕಿ ಕೂತೆ. ಬರಲಿಲ್ಲ.

ಚಿತ್ರ ಮುಗಿದಾಗ ನಿಂತು ಒಂದೊಂದು ಮುಖ ನೋಡಿದೆ. ಬಾಗಿಲಲ್ಲಿ ತಾಟು ಹಿಡಿದು ನಿಂತ ಮೌಶಿ ಇದ್ದಳು. ಕಂಬಳಿ ಹೊದ್ದು ಕುರಿ ಹೊಡೆದುಕೊಂಡು ಬರುವ ನಮ್ಮ ಮಾವ, ಅಂದರೆ ಈಕೆಯ ಅಪ್ಪ, ಇದ್ದರು. ಎಮ್ಮೆಯ ಸಂಗತಿ ಆಗಲೇ ಹೇಳಿದೆ.

"ಇದರಾಗ ನಾ ಎಲ್ಲಿದ್ದೀನಿ?" ಎಂದು ಕೇಳಿಯೇಬಿಟ್ಟೆ.

"ಹುಡುಕ್ರಿ" ಎಂದಳು, ಕುಂಚ ತೊಳೆಯುತ್ತ.

ಹುಡುಕಿದೆ. ಚರ್ಚಿನ ಹಿಂದೆ ಹುಡುಕಿದೆ, ಬಾವಿಯ ಹತ್ತಿರ ಹುಡುಕಿದೆ, ಹಾಡುವವರ ಗುಂಪಿನಲ್ಲಿ ಢೋಲಕಿ ಹಿಡಿದವನ ಮೂಗು ನನ್ನದೇ ಇರಬಹುದೇ ಎಂದು ಕನ್ನಡಿ ತಂದು ನೋಡಿದೆ. ಅಲ್ಲ. ನಾಲ್ಕು ದಿನ ಮಾತು ಬಿಟ್ಟೆ. ನನ್ನ ಸಿಟ್ಟು ಹಾಗೆಯೇ, ಬರುವುದು ಮೋಟಾರಿನಲ್ಲಿ, ಹೋಗುವುದು ಎತ್ತಿನ ಗಾಡಿಯಲ್ಲಿ. ಆಕೆ ಅದನ್ನು ಗಮನಿಸಲೂ ಇಲ್ಲ, ಚಿತ್ರ ಕಟ್ಟಿ ಕಳಿಸುವ ಗಡಿಬಿಡಿಯಲ್ಲಿದ್ದಳು.

ಚಿತ್ರ ತಲುಪಿದ ಮೇಲೆ ಕಂಪನಿಯ ಹುಡುಗಿಯೊಬ್ಬಳು ಫೋನು ಮಾಡಿದಳು. ಮರಾಠಿಯಲ್ಲಿ ಮಾತಾಡಿದಳು, ನಮ್ಮ ಕಡೆ ಅದೇನು ಹೊಸದಲ್ಲ. ಚಿತ್ರ ಎಲ್ಲರಿಗೂ ಬಹಳ ಮನಸ್ಸಿಗೆ ಬಂದಿದೆ, ಮಾಳಿಗೆ ಮನೆಯ ಮೇಲಿನ ಹಿಮವಂತೂ ಯಾರೂ ನೋಡಿಲ್ಲದ್ದು ಎಂದಳು. ಒಂದೇ ಒಂದು ತಿದ್ದುಪಡಿ ಬೇಕಂತೆ. ಮನೆಗಳ ಬಾಗಿಲ ಮುಂದೆ ಇಷ್ಟೊಂದು ಚಪ್ಪಲಿ ಯಾಕೆ? ಹಿಮ ಬಿದ್ದಾಗ ಯಾರಾದರೂ ಚಪ್ಪಲಿ ಹೊರಗೆ ಬಿಡುತ್ತಾರೆಯೇ? ಮೊದಲು ಹಿಮದಲ್ಲಿ ಯಾರಾದರೂ ಚಪ್ಪಲಿ ಹಾಕುತ್ತಾರೆಯೇ? ಅವನ್ನು ಅಳಿಸಿಬಿಡೋಣವೇ?

ನಾನು ಪಕ್ಕದಲ್ಲೇ ಇದ್ದೆ. ಆ ಹುಡುಗಿಯ ಮಾತು ನನಗೆ ಬರಾಬರ್ ಅನಿಸಿತು.

"ಅಳಸಿ ಒಗಿ" ಎಂದೆ. "ನಾಕು ಹಳಿ ಚಪ್ಪಲಿ ಸಲುವಾಗಿ ಬಂದ ಕೆಲಸ ಕಳ್ಕೋತಿ ಏನ?"

"ನೀವು ಸುಮ್ಮ ಕೂಡ್ರಿ" ಎಂದವಳು ಫೋನಿನ ಕಡೆ ತಿರುಗಿದಳು. ಹಬ್ಬದ ದಿನ ಬಾಗಿಲ ಮುಂದೆ ಚಪ್ಪಲಿ ಇಲ್ಲವೆಂದರೆ ಆ ಮನೆಗೆ ಯಾರೂ ಬಂದಿಲ್ಲವೆಂದು ಅರ್ಥ ಎಂದು ಆ ಹುಡುಗಿಗೆ ತಿಳಿಹೇಳಿದಳು. ತನ್ನ ಚಿತ್ರದ ಓಣಿಯಲ್ಲಿ ಕಾಣುವವರು ಸ್ವಲ್ಪ, ಉಳಿದವರೆಲ್ಲ ಮನೆಗಳ ಒಳಗಿದ್ದಾರೆ, ಅವರು ಇದ್ದಾರೆಂದು ನೋಡುವವರಿಗೆ ಹೇಗೆ ತಿಳಿಯಬೇಕು? ಎಮ್ಮೆ ಬೇಕಾದರೆ ತೆಗೆಯಿರಿ, ಚಪ್ಪಲಿ ತೆಗೆದರೆ ಚಿತ್ರ ವಾಪಸು ಕಳಿಸಿ ಎಂದಳು. ಎಮ್ಮೆಯ ಮಾತಿಗೆ ನನಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಹೆದರಿಕೆಯೂ ಆಯಿತು. ಆಕೆ ಯಾರೊಂದಿಗೂ ಹೀಗೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಕೆಲಸ ಹೋಯಿತು ಎಂದೇ ಅಂದುಕೊಂಡೆ.

ಮರುದಿನ ಆ ಹುಡುಗಿಯೇ ಮತ್ತೆ ಫೋನು ಮಾಡಿದಳು. ತನ್ನ ಅಜ್ಜಿಯ ಊರಿನಲ್ಲೂ ಹೀಗೆಯೇ, ಬಾಗಿಲ ಮುಂದಿನ ಜೋಡು ನೋಡಿಯೇ ಬೀಗರು ಬಂದದ್ದು ತಿಳಿಯುತ್ತಿತ್ತು, ಚಪ್ಪಲಿ ಇರಲಿ ಎಂದಳು. ಎಮ್ಮೆಯೂ ಉಳಿಯಿತು.

ಡಬ್ಬಿ ಮನೆಗೆ ಬಂದದ್ದು ಈ ಸಲದ ಕ್ರಿಸ್‌ಮಸ್ ಹತ್ತಿರ ಬಂದಾಗ. ಡಬ್ಬಿಯ ಮೇಲೆ ಆಕೆಯ ಹೆಸರು ಅಚ್ಚಾಗಿತ್ತು. ಅದನ್ನು ಓದುವಾಗ ನನ್ನ ಎದೆ ಉಬ್ಬಿತು, ಸಿಟ್ಟು ಇದ್ದದ್ದು ಖರೆ, ಆದರೂ ಉಬ್ಬಿತು. ಮುಚ್ಚಳದ ಮೇಲೆ ಚರ್ಚು ಮತ್ತು ನಕ್ಷತ್ರ ಇದ್ದ ಭಾಗ ಅಷ್ಟೇ ಇತ್ತು. ನಾವೆಲ್ಲಿದ್ದೇವೆ ಎಂದು ಓಣಿಯವರಿಗೆ ನೋಡುವ ಅವಸರ. ಜೋಡಿಸಿಯೇ ನೋಡಬೇಕು ಎಂದಳು ಹೆಂಡತಿ. ಗಿರಣಿಯ ಮೂಲೆಯಲ್ಲಿ ಎರಡು ಹಿಟ್ಟಿನ ಡಬ್ಬಿಯ ಮೇಲೆ ಒಂದು ಹಲಗೆ ಹಾಕಿ, ತುಂಡುಗಳನ್ನು ಸುರಿದೆವು.

ಆ ವಾರ ನನ್ನ ಗಿರಣಿಯಲ್ಲಿ ಹಿಟ್ಟು ಬೀಸಿದ್ದಕ್ಕಿಂತ ತುಂಡು ಹುಡುಕಿದ್ದು ಹೆಚ್ಚು. ಕಾಳಿನ ಡಬ್ಬಿ ಪಾಳಿಗೆ ಇಟ್ಟು ಬಂದವರು ಹಲಗೆಯ ಸುತ್ತ ಕೂತರೆ ಏಳುತ್ತಿರಲಿಲ್ಲ. ಮೊದಲು ಅಂಚು ಜೋಡಿಸಬೇಕೆಂದು ಒಬ್ಬರು, ಮೊದಲು ಚರ್ಚು ಎಂದು ಒಬ್ಬರು. ಕೊಹಿನೂರು ಹಳ್ಳಿಯಿಂದ ಗೋಧಿ ಬೀಸಿಸಲು ಬಂದ ಒಕ್ಕಲಿಗರೊಬ್ಬರು ಕುರಿಯ ಕಾಲನ್ನು ನಾಯಿಗೆ ಜೋಡಿಸಿ, ಕೂಡುತ್ತದಲ್ಲ, ಇರಲಿ ಎಂದು ವಾದ ಹೂಡಿದರು. ಹೂವಿನ ಅಜ್ಜಿಗೆ ತನ್ನ ಬುಟ್ಟಿ ಸಿಕ್ಕಿತು, ತಲೆ ಸಿಗಲಿಲ್ಲ.

"ನನ್ನ ತೆಲಿ ಎಲ್ಲಿ ಹೋತು ನೋಡ್ರೆಪ್ಪೋ" ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು.

ತಲೆ ದರ್ಜಿಯ ಅಂಗಿಯ ತೋಳಿಗೆ ಅಂಟಿಕೊಂಡು ಅವನ ಅಂಗಡಿಗೆ ಹೋಗಿತ್ತು. ಸಿಕ್ಕ ದಿನ ಅಜ್ಜಿ ಎಲ್ಲರಿಗೂ ಒಂದೊಂದು ಮೊಳ ಸೇವಂತಿಗೆ ಹಂಚಿದಳು. ದರ್ಜಿ ತನ್ನನ್ನು ತಾನೇ ಜೋಡಿಸಿಕೊಂಡು, ದೂರ ನಿಂತು ನೋಡಿ, ಸ್ವಲ್ಪ ತೆಳ್ಳಗಾಗಿದ್ದೇನೆ ಎಂದು ಖುಷಿಪಟ್ಟ. ಎಲ್ಲರೂ ತಮ್ಮ ತಮ್ಮ ಮುಖ ಸಿಕ್ಕಿತೆಂದು ನಗುವಾಗ ನಾನೂ ಜೊತೆಗೆ ನಗುತ್ತಿದ್ದೆ. ಒಳಗೆ ಮಾತ್ರ ನೋವಿತ್ತು, ಸುಳ್ಳು ಯಾಕೆ ಹೇಳಲಿ. ಆಕೆಗೆ ನೆನಪಾಗುವ ಒಳ್ಳೆಯ ದಿನಗಳಲ್ಲಿ ನಾನು ಇಲ್ಲವೇನೋ ಎಂಬ ವಿಚಾರ ಒಮ್ಮೆ ಹೊಕ್ಕಿದ್ದು ಹೋಗಲೊಲ್ಲದು.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಗಿರಣಿಯಲ್ಲಿ ಯಾರೂ ಇರಲಿಲ್ಲ. ಚಿತ್ರ ಹೆಚ್ಚುಕಡಿಮೆ ಮುಗಿದಿತ್ತು, ಈಕೆಯ ತವರು ಮನೆಯ ಬಾಗಿಲ ಮುಂದಿನ ಜಾಗ ಅಷ್ಟೇ ಬಾಕಿ. ಉಳಿದ ತುಂಡುಗಳೆಲ್ಲ ಮಣ್ಣು ಬಣ್ಣದವು, ಯಾರಿಗೂ ಬೇಡವಾದವು. ಹೊತ್ತು ಹೋಗಲೆಂದು ಚಷ್ಮಾ ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡತೊಡಗಿದೆ. ಚಿತ್ರ ಇಡಿಯಾಗಿದ್ದಾಗ ಬರೀ ಮುಖ ನೋಡಿದ್ದೆ. ಈಗ ಕೈಯಲ್ಲಿ ಇದ್ದದ್ದು ಉಗುರಿನಷ್ಟು ಚೂರು, ಅದರಲ್ಲಿ ಇದ್ದದ್ದೊಂದು ಚಪ್ಪಲಿಯ ಮೂತಿ. ಎಡಗಾಲಿನದು. ಮೇಲೆ ಇನ್ನೊಂದು ಜೋಡು ಅರ್ಧ ಮುಚ್ಚಿತ್ತು. ಹೆಬ್ಬೆರಳಿನ ಉಂಗುರ ಇರಬೇಕಾದಲ್ಲಿ ಒಂದು ಕೆಂಪು ಗಂಟು.

ನಾನು ಆ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಿಂದಿನ ಮನೆಗೆ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಕೂತು, ತಾಟಿನ ಅಂಚಿಗೆ ಅದನ್ನು ಇಟ್ಟೆ.

"ಇದು ಏನ?"

ಆಕೆ ಬಡಿಯುವ ಕೈ ನಿಲ್ಲಿಸಲಿಲ್ಲ. "ಸಿಕ್ಕಿತೇನ್ರಿ? ಭಾಳ ತಡ ಮಾಡಿದ್ರಿ."

"ನಿನಗ ಹ್ಯಾಂಗ ಗೊತ್ತಾತು? ನಾ ಯಾರ ಮುಂದೂ ಹೇಳಿಲ್ಲ."

"ಬಂದವರು ಎಷ್ಟ್ ಮಂದಿ, ಚಾ ಎಷ್ಟ್ ಮಂದಿಗಿ ಇಡಬೇಕು ಅಂತ ನೋಡಾಕ ಅವ್ವ ನನ್ನ ಹಿತ್ತಲ ಬಾಗಿಲಿಂದ ಕಳಸಿದ್ದಳು. ಚಪ್ಪಲಿ ಎಣಸಾಕ ಬಂದೆ. ಒಂದು ಜೋಡು ಮ್ಯಾಲ ಒಂದು ಜೋಡು ಯಾಕ ಇಟ್ಟಾರ ಅಂತ ಎತ್ತಿ ನೋಡಿದೆ. ನಿಮ್ಮ ಮಾರಿ ಆಮ್ಯಾಲ ನೋಡೀನಿ, ಮೊದಲ ನಿಮ್ಮ ಚಪ್ಪಲಿ ನೋಡೀನಿ."

"ನೋಡಿ ಏನ್ ಅಂದ್ಕೊಂಡಿ?"

"ಹಾದ್ಯಾಗ ಹರದ್ರೂ ಹೊಳ್ಳಿ ಹೋಗಿಲ್ಲ. ಇದ್ದದ್ದರಾಗ ಕಟ್ಕೊಂಡು ಬಂದಾನ. ಇಂವನ ಕೂಡ ಬಾಳುವಿ ಆಗ್ತದ ಅಂದ್ಕೊಂಡೆ." ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಅವ್ವ ಕೇಳಿದ್ಲು, ಹೂಂ ಅಂದೆ."

ಯಾಕೆ ಹೂಂ ಅಂದಳೆಂದು ಇಷ್ಟು ವರ್ಷ ನಾನು ಕೇಳದೆ ಬಿಟ್ಟದ್ದಕ್ಕೆ ಉತ್ತರ ರೊಟ್ಟಿಯ ಜೊತೆ ತಾಟಿಗೆ ಬಂದು ಬಿತ್ತು. ಅಳಿಸಿ ಒಗಿ ಎಂದು ನಾನು ಹೇಳಿದ್ದು ಇದನ್ನೇ! ಆ ಹುಡುಗಿಯ ಜೊತೆಗೂ ನನ್ನ ಜೊತೆಗೂ ಜಗಳಾಡಿ ಆಕೆ ಉಳಿಸಿಕೊಂಡದ್ದು ನನ್ನನ್ನು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನಾನು ಕನ್ನಡಿ ಹಿಡಿದು ಢೋಲಕಿಯವನ ಮೂಗು ನೋಡಿದ್ದೆ. ಕಣ್ಣು ತುಂಬಿ ಬಂತು. ಹಿಟ್ಟು ಬಿದ್ದಿದೆ ಎಂದೆ.

"ಕರೆಂಟ್ ಇಲ್ಲ, ಹಿಟ್ಟು ಎಲ್ಲಿಂದ ಬಂತು?" ಎಂದಳು.

"ಒಂದು ಮುಖ ಬರದಿದ್ರ ಏನ್ ಆಗ್ತಿತ್ತು?"

"ಮುಖ ಬರದ್ರ ಮೂಗು ಹಂಗಾತು, ಮೀಸಿ ಹಿಂಗಾತು ಅಂತ ಜೀವ ತಿಂತಿದ್ರಿ. ಅದೂ ಅಲ್ದ, ಆವತ್ತು ನೀವು ಹೊರಗ ಎಲ್ಲಿ ಇದ್ರಿ? ಒಳಗ ಕುಂತು ಕರ್ಚಿಕಾಯಿ ತಿನ್ನಾಕತ್ತಿದ್ರಿ."

ಸಂಜೆ ಕರೆಂಟು ಬಂತು. ಗಿರಣಿ ಶುರುವಾಯಿತು, ಮಂದಿಯೂ ಬಂದರು. ಮಣ್ಣು ಬಣ್ಣದ ತುಂಡುಗಳನ್ನೆಲ್ಲ ಅವರೇ ಜೋಡಿಸಿದರು. ಒಂದು ತುಂಡು ಕಮ್ಮಿ ಬಿತ್ತು. ದರ್ಜಿ ತನ್ನ ತೋಳು ಜಾಡಿಸಿ ನೋಡಿಕೊಂಡ, ಅಜ್ಜಿ ಬುಟ್ಟಿ ಬೋರಲು ಹಾಕಿದಳು. ನಾನು ಅಂಗಿಯ ಕಿಸೆಯಿಂದ ಆ ಚೂರನ್ನು ತೆಗೆದು, ಬಾಗಿಲ ಮುಂದಿನ ಖಾಲಿ ಜಾಗದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಓಣಿ ಪೂರ್ತಿಯಾಯಿತು. ಎಲ್ಲರೂ ಬಗ್ಗಿ, ಈ ತುದಿಯಿಂದ ಆ ತುದಿಯವರೆಗೆ ಮತ್ತೊಮ್ಮೆ ನೋಡಿದರು. ಅಜ್ಜಿ ನನ್ನ ಹೆಂಡತಿಯ ಗಲ್ಲ ಹಿಡಿದು ಲಟಿಕೆ ಮುರಿದಳು.

ದರ್ಜಿಗೆ ಆಗ ಅನುಮಾನ ಬಂತು. "ಅಣ್ಣಾ, ಎಲ್ಲಾರೂ ಅದೇವಿ. ಎಮ್ಮಿ ಸೈತ ಅದ. ನೀವು ಎಲ್ಲಿ ಅದೀರಿ?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಮೀಸೆಯ ಹಿಟ್ಟು ಒರೆಸಿಕೊಂಡೆ.

"ನಾ ಒಳಗ ಊಟಕ್ಕ ಕುಂತೀನಪ್ಪ" ಎಂದೆ. "ಬಾಗಿಲ ಮುಂದ ಚಪ್ಪಲಿ ಕಾಣಂಗಿಲ್ಲೇನು?"